ವಾರ್ಡಿನಲ್ಲಿ ಮೊದಲು ಯಾವ ಮಂಚ? ಮೆಡಿಕಲ್-ಸರ್ಜಿಕಲ್ ಪೋಸ್ಟಿಂಗ್‌ಗೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಪೋಸ್ಟಿಂಗ್ ಎಲ್ಲೇ ಬೀಳಲಿ, ಮೆಡಿಕಲ್-ಸರ್ಜಿಕಲ್ ವಾರ್ಡಿಗೆ ಹೊಸದಾಗಿ ಬಂದ ವಿದ್ಯಾರ್ಥಿಯನ್ನು ಕಾಡುವ ಪ್ರಶ್ನೆ ಒಂದೇ. ಒಬ್ಬರು ನರಳುತ್ತಿದ್ದಾರೆ, ಇನ್ನೊಬ್ಬರ ಡ್ರಿಪ್ ಮುಗಿದಿದೆ, ಮತ್ತೊಬ್ಬರ ಮನೆಯವರು "ಸಿಸ್ಟರ್, ಸಿಸ್ಟರ್" ಅಂತ ಹಿಂದೆಯೇ ಬರುತ್ತಿದ್ದಾರೆ. ಮೊದಲು ಯಾರ ಹತ್ತಿರ ಹೋಗಬೇಕು?

ಕಾಯಿಲೆಯ ಹೆಸರು ನೋಡಿ ಸಾಲು ಹಚ್ಚಬೇಡಿ. ಯಾರಲ್ಲಿ ಬದಲಾವಣೆ ಆಗುತ್ತಿದೆ ಅಂತ ನೋಡಿ ಸಾಲು ಹಚ್ಚಿ. ಕೇಸ್ ಶೀಟಿನ ಮೇಲೆ ಕ್ಯಾನ್ಸರ್ ಅಂತ ಬರೆದಿರುವವರು ನಿನ್ನೆ ಹೇಗಿದ್ದರೋ ಇವತ್ತೂ ಹಾಗೇ ಇರಬಹುದು. ಹರ್ನಿಯಾ ಆಪರೇಷನ್ ಆದವರು ಒಂದು ಗಂಟೆಯಿಂದ ಸುಮ್ನೆ ಸುಮ್ನೆ ಚಡಪಡಿಸುತ್ತಿರಬಹುದು. ಆಗ ನಿಮ್ಮ ಕಾಲು ಹರ್ನಿಯಾದವರ ಕಡೆಗೇ ಹೋಗಬೇಕು.

ಈ ಬರಹ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಬಿಎಸ್ಸಿ ನರ್ಸಿಂಗ್ ಓದುವವರಿಗೂ ಆಗುತ್ತದೆ. ನೀವು ಇನ್ನೂ ವಿದ್ಯಾರ್ಥಿ. ಇಲ್ಲಿ ಹೇಳುವ ಪ್ರತಿ ಕೆಲಸವನ್ನೂ ಸ್ಟಾಫ್ ಸಿಸ್ಟರ್ ಕಣ್ಣಮುಂದೆ ಮಾಡಬೇಕು. ಔಷಧ ಯಾವುದಿದ್ದರೂ ಡಾಕ್ಟರ ಆರ್ಡರ್ ಇರಬೇಕು.

ಹ್ಯಾಂಡೋವರ್‌ನಲ್ಲಿ ಕಿವಿ ಎಲ್ಲಿರಬೇಕು

ನೈಟ್ ಸಿಸ್ಟರ್ ಹ್ಯಾಂಡೋವರ್ ಕೊಡುವಾಗ, ಅಂದರೆ ಡ್ಯೂಟಿ ಮುಗಿಸಿ ರೋಗಿಗಳ ವಿವರ ಒಪ್ಪಿಸುವಾಗ, ಹೆಚ್ಚಿನವರು ಹೆಸರು, ವಯಸ್ಸು, ಕಾಯಿಲೆ ಬರೆದುಕೊಂಡು ಸುಮ್ಮನಾಗುತ್ತಾರೆ. ಅದೆಲ್ಲ ಕೇಸ್ ಶೀಟಿನಲ್ಲೇ ಇರುತ್ತದೆ. ನೀವು ಹಿಡಿಯಬೇಕಾದ್ದು ಬೇರೆ. ರಾತ್ರಿ ಏನು ಬದಲಾಯಿತು? ಯಾರಿಗೆ ಆಕ್ಸಿಜನ್ ಜಾಸ್ತಿ ಮಾಡಿದರು? ಯಾರಿಗೆ ಯೂರಿನ್ ಕಡಿಮೆ ಆಯಿತು? ಯಾರು ನಿದ್ದೆ ಮಾಡಲಿಲ್ಲ? ಯಾರಿಗೆ ಬೆಳಗ್ಗೆ ಇನ್ಸುಲಿನ್ ಕೊಟ್ಟಾಗಿದೆ, ಅವರು ತಿಂಡಿ ತಿಂದರಾ?

ಸಣ್ಣ ನೋಟ್‌ಬುಕ್ ಜೇಬಿನಲ್ಲಿ ಇರಲಿ. ಒಬ್ಬ ರೋಗಿಗೆ ಒಂದು ಸಾಲು ಸಾಕು. ಮಂಚದ ನಂಬರ್, ರಾತ್ರಿಯ ಉಸಿರು-ನಾಡಿ-ಬಿಪಿ, ಪಕ್ಕದಲ್ಲಿ ಖಾಲಿ ಜಾಗ. ಬೆಳಗ್ಗೆಯ ಅಂಕಿ ಆ ಖಾಲಿ ಜಾಗಕ್ಕೆ ಬರಬೇಕು. ಎರಡು ಅಂಕಿ ಅಕ್ಕಪಕ್ಕ ಕೂತಾಗ ಬದಲಾವಣೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬಿಪಿ 104/70 ಅನ್ನೋದು ಒಂಟಿಯಾಗಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ರಾತ್ರಿಯ 150/90 ಇದ್ದರೆ? ಆ ಬಿಪಿ ಬೀಳುತ್ತಿದೆ ಅಂತ ಅರ್ಥ, ಅಲ್ವಾ.

ಮಂಚದ ತುದಿಯಲ್ಲಿ ನಿಂತು ನೋಡಿ

ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ನಿಮ್ಮ ಎಲ್ಲ ರೋಗಿಗಳ ಹತ್ತಿರ ಒಂದು ಸುತ್ತು ಹೋಗಿ ಬನ್ನಿ. ಒಬ್ಬೊಬ್ಬರ ಹತ್ತಿರ ಅರ್ಧ ನಿಮಿಷ. ಮಂಚದ ತುದಿಯಲ್ಲಿ ನಿಂತು ಮುಖ ನೋಡಿ. "ಅಜ್ಜಾ, ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಉಸಿರಿನ ದಾರಿ ತೆರೆದಿದೆ, ಉಸಿರು ಸಾಕಾಗುತ್ತಿದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಂಡರೆ ಅಲ್ಲೇ ನಿಲ್ಲಿ. ಉತ್ತರ ಅಸಂಬದ್ಧವಾಗಿದ್ದರೆ, ನಿನ್ನೆಯೂ ಹೀಗೇ ಇತ್ತಾ ಅಂತ ಮನೆಯವರನ್ನು ಕೇಳಿ.

ನಮ್ಮ ಕಡೆಯ ಜನ ನೋವನ್ನು ಪುಸ್ತಕದ ಮಾತಿನಲ್ಲಿ ಹೇಳುವುದಿಲ್ಲ. "ಗ್ಯಾಸ್ ಆಗೈತಿ ಸಿಸ್ಟರ್, ಒಂದು ಗುಳಿಗಿ ಕೊಡ್ರಿ" ಅನ್ನುವ ಐವತ್ತು ದಾಟಿದ ಯಜಮಾನರಿಗೆ ಹಣೆ ಮೇಲೆ ತಣ್ಣನೆ ಬೆವರು ಇದೆಯಾ ನೋಡಿ. "ಎದಿ ಬಿಗಿದಂಗ ಆಗ್ತೈತಿ", "ಸಂಕಟ ಆಗ್ತೈತಿ", "ಯಾಕೋ ಗಾಬ್ರಿ" ಅನ್ನುವ ಮಾತುಗಳನ್ನು ಹೃದಯದ ತೊಂದರೆ ಅಂತಲೇ ಮೊದಲು ತಿಳಿಯಬೇಕು. ಗ್ಯಾಸ್ ಹೌದೋ ಅಲ್ಲವೋ ಅನ್ನುವುದನ್ನು ಇಸಿಜಿ ನೋಡಿ ಡಾಕ್ಟರು ಹೇಳಲಿ. ಎದೆನೋವು ಅಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲ ಕಡೆಯ ನಿಯಮ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ದವಡೆ ನೋವು ಬರಬಹುದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಉಸಿರು ಎಣಿಸಿ, ನಿಜವಾಗಿ ಎಣಿಸಿ

ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರು ಬರೆಯುವ ಹಾಳೆ) ತೆಗೆದು ಉಸಿರಿನ ಸಾಲು ನೋಡಿ. ಬಹಳ ಕಡೆ 20, 20, 20, 20 ಅಂತ ಮೇಲಿಂದ ಕೆಳಗಿನ ತನಕ ಇರುತ್ತದೆ. ಆಡುವ ಹುಡುಗನಿಗೂ 20, ನ್ಯುಮೋನಿಯಾದ ಅಜ್ಜಿಗೂ 20. ಅದು ಎಣಿಸಿ ಬರೆದ ಅಂಕಿ ಅಲ್ಲ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು. ಯಾಕೆಂದರೆ ರೋಗಿ ಹದಗೆಡುವಾಗ ಬಹಳ ಸಲ ಮೊದಲು ಏರುವುದು ಉಸಿರಿನ ಸಂಖ್ಯೆಯೇ. ಬಿಪಿ ಬೀಳುವುದು ಎಷ್ಟೋ ಹೊತ್ತಿನ ಮೇಲೆ.

ಎಣಿಸುವ ರೀತಿ ಹೀಗೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿಯಿರಿ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡಿ. ಆ ಕೈಯನ್ನು ಹಾಗೇ ಅವರ ಎದೆ ಅಥವಾ ಹೊಟ್ಟೆಯ ಮೇಲೆ ಇಟ್ಟು, ಕೈ ಏರಿ ಇಳಿಯುವುದನ್ನು ಪೂರ್ತಿ 1 ನಿಮಿಷ ಎಣಿಸಿ. "ಉಸಿರು ಎಣಿಸ್ತೀನಿ" ಅಂತ ಹೇಳಬೇಡಿ. ಹೇಳಿದರೆ ಅವರ ಉಸಿರಾಟ ಬದಲಾಗುತ್ತದೆ. ಎಣಿಸುವಾಗಲೇ ಕತ್ತಿನ ಸ್ನಾಯು ಎಳೆಯುತ್ತಿದೆಯಾ, ಪಕ್ಕೆಲುಬಿನ ಮಧ್ಯೆ ಒಳಕ್ಕೆ ಹೋಗುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ ನೋಡಿಕೊಳ್ಳಿ.

ದೊಡ್ಡವರಲ್ಲಿ 12ರಿಂದ 20 ಸರಿ. 25 ದಾಟಿದರೆ ಸ್ಟಾಫ್ ಸಿಸ್ಟರನ್ನು ಅಲ್ಲೇ ನಿಂತು ಕರೆಯಿರಿ. 8ಕ್ಕೆ ಇಳಿದರೂ ಅಷ್ಟೇ, ಅದರಲ್ಲೂ ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧ ಕೊಟ್ಟ ಮೇಲೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದನ್ನೇ ನಂಬಿ ಕೂರಬೇಡಿ. ಕೈ ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ ಅದು ತಪ್ಪು ತೋರಿಸಬಹುದು.

ಎಬಿಸಿ ಮೊದಲು, ಉಳಿದದ್ದು ಆಮೇಲೆ

ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ. ಆಮೇಲೆ ಪ್ರಜ್ಞೆ ಮತ್ತು ಸಕ್ಕರೆ. ಈ ಸಾಲು ನಿಮಗೆ ಬಾಯಿಪಾಠ ಇರುತ್ತದೆ. ಆದರೆ ವಾರ್ಡಿನಲ್ಲಿ ಇದನ್ನು ಬಳಸುವಾಗ ಮೂರು ಪ್ರಶ್ನೆ ಸೇರಿಸಿಕೊಳ್ಳಿ. ಇದು ಹೊಸದಾ, ಹಳೆಯದಾ? ಈ ಕಾಯಿಲೆಯಲ್ಲಿ ಹೀಗೆ ಆಗುವುದು ನಿರೀಕ್ಷೆ ಇದ್ದದ್ದಾ, ಇಲ್ಲದ್ದಾ? ಅರ್ಧ ಗಂಟೆ ಬಿಟ್ಟರೆ ಏನಾಗುತ್ತದೆ? ಅಪೆಂಡಿಕ್ಸ್ ಆಪರೇಷನ್ ಆದ ಮರುದಿನ ಗಾಯ ನೋಯುವುದು ನಿರೀಕ್ಷೆ ಇದ್ದದ್ದು. ಅದೇ ರೋಗಿಯ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು ನಿರೀಕ್ಷೆ ಇಲ್ಲದ್ದು.

"ಮೊದಲು ಅಸೆಸ್ ಮಾಡಬೇಕಾ, ಮೊದಲು ಏನಾದರೂ ಮಾಡಬೇಕಾ" ಅನ್ನುವ ಗೊಂದಲ ಎಲ್ಲರಿಗೂ ಇರುತ್ತದೆ. ತೊಂದರೆ ಏನು ಅಂತ ಕಣ್ಣಿಗೇ ಕಾಣುತ್ತಿದ್ದರೆ ಕೈ ಕೆಲಸ ಶುರು ಮಾಡಲಿ. ಏದುಸಿರು ಬಿಡುತ್ತಿರುವವರನ್ನು ಮಲಗಿಸಿಕೊಂಡೇ ಸ್ಟೆತಸ್ಕೋಪ್ ಹುಡುಕುತ್ತಾ ಹೋಗಬೇಡಿ. ಮೊದಲು ತಲೆಯ ಕಡೆ ಎತ್ತಿ ಕೂರಿಸಿ, ಆಮೇಲೆ ಉಳಿದದ್ದು. ತೊಂದರೆ ಏನು ಅಂತ ಗೊತ್ತಾಗದಿದ್ದರೆ ಮಾತ್ರ ಪರೀಕ್ಷೆ ಮೊದಲು.

ಅಂಕಿ ಕೂಡಿಸಿ ನೋಡುವುದು

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೋಗಿ ಹದಗೆಡುವುದನ್ನು ಬೇಗ ಹಿಡಿಯುವುದಕ್ಕೆ ಒಂದು ಅಂಕಪಟ್ಟಿ ಹೊರತಂದಿತು. 2017ರಲ್ಲಿ ತಿದ್ದಿದ ಮೇಲೆ ಅದಕ್ಕೆ ನ್ಯೂಸ್-2 ಅಂತ ಹೆಸರು. ಉಸಿರು, ಎಸ್‌ಪಿಓ2 (ಆಕ್ಸಿಮೀಟರ್ ತೋರಿಸುವ ರಕ್ತದ ಆಕ್ಸಿಜನ್ ಪ್ರಮಾಣ), ಆಕ್ಸಿಜನ್ ಹಾಕಿದ್ದಾರಾ ಇಲ್ಲವಾ, ಮೇಲಿನ ಬಿಪಿ, ನಾಡಿ, ಪ್ರಜ್ಞೆ, ಜ್ವರ ಇವಿಷ್ಟಕ್ಕೂ ಅಂಕ. ಸರಿ ಇದ್ದರೆ 0, ಕೆಟ್ಟಷ್ಟೂ ಜಾಸ್ತಿ. ಒಟ್ಟು 5 ಅಥವಾ 6 ಬಂದರೆ ತುರ್ತಾಗಿ ಡಾಕ್ಟರು ನೋಡಬೇಕು. 7 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಮರ್ಜೆನ್ಸಿ. ಯಾವುದೇ ಒಂದರಲ್ಲಿ 3 ಬಂದರೂ ಡಾಕ್ಟರಿಗೆ ತಿಳಿಸಬೇಕು. ನಿಮ್ಮ ವಾರ್ಡಿನಲ್ಲಿ ಈ ಪಟ್ಟಿ ಬಳಸದಿದ್ದರೂ ಕಲಿಯುವುದಕ್ಕೆ ಇದು ಒಳ್ಳೆಯದು.

ನ್ಯುಮೋನಿಯಾದ ಒಬ್ಬರನ್ನು ತೆಗೆದುಕೊಳ್ಳೋಣ. ರಾತ್ರಿ 10ಕ್ಕೆ ಉಸಿರು 20, ಎಸ್‌ಪಿಓ2 96, ಬಿಪಿ 118/76, ನಾಡಿ 104, ಜ್ವರ 39.2 ಡಿಗ್ರಿ ಸೆಲ್ಸಿಯಸ್, ಮಾತು ಸರಿಯಾಗಿದೆ. ನಾಡಿಗೆ 1, ಜ್ವರಕ್ಕೆ 2, ಒಟ್ಟು 3. ಬೆಳಗ್ಗೆ ಉಸಿರು 26, ಎಸ್‌ಪಿಓ2 92, ಬಿಪಿ 98/60, ನಾಡಿ 118, ಜ್ವರ 38.4, ಮನೆಯಲ್ಲಿದ್ದೀನಿ ಅಂತ ಮಾತಾಡುತ್ತಿದ್ದಾರೆ. ಉಸಿರಿಗೆ 3, ಎಸ್‌ಪಿಓ2ಗೆ 2, ಬಿಪಿಗೆ 2, ನಾಡಿಗೆ 2, ಹೊಸ ಗೊಂದಲಕ್ಕೆ 3, ಜ್ವರಕ್ಕೆ 1. ಒಟ್ಟು 13. ಮನೆಯವರು "ಜ್ವರ ಇಳಿದೈತಿ" ಅಂತ ಸಮಾಧಾನದಲ್ಲಿ ಇರುತ್ತಾರೆ. ರೋಗಿ ಮಾತ್ರ ಸೆಪ್ಸಿಸ್ ಕಡೆ, ಅಂದರೆ ಸೋಂಕಿನಿಂದ ಅಂಗಾಂಗಗಳೇ ಸೋಲುವ ಸ್ಥಿತಿಯ ಕಡೆ, ಜಾರುತ್ತಿದ್ದಾರೆ.

ಒಂದು ಬೆಳಗ್ಗೆ, ಐದು ಮಂಚ

ಇದೇ ರೋಗಿ 7ನೇ ಮಂಚದಲ್ಲಿ ಇದ್ದಾರೆ ಅಂದುಕೊಳ್ಳಿ. ಪುರುಷರ ಮೆಡಿಕಲ್ ವಾರ್ಡ್, ಬೆಳಗ್ಗೆ 8 ಗಂಟೆ. ಉಳಿದ ನಾಲ್ವರು ಹೀಗಿದ್ದಾರೆ.

ಮಂಚ 2: ಜಗಳೂರು ಕಡೆಯ 62ರ ರೈತರು. ವರ್ಷಗಟ್ಟಲೆ ಬೀಡಿ ಸೇದಿ ಸಿಓಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ). 2 ಲೀಟರ್ ಆಕ್ಸಿಜನ್‌ನಲ್ಲಿ ಎಸ್‌ಪಿಓ2 90, ಉಸಿರು 22, ನಿನ್ನೆಯೂ ಹೀಗೇ ಇತ್ತು.
ಮಂಚ 4: ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು. 7:15ಕ್ಕೆ ಇನ್ಸುಲಿನ್ ಆಗಿದೆ. ಮಗ ತಿಂಡಿ ತರುವುದಕ್ಕೆ ಹೊರಗೆ ಹೋದವನು ಇನ್ನೂ ಬಂದಿಲ್ಲ. ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ, ಕೇಳಿದ್ದಕ್ಕೆಲ್ಲ ಸಿಡುಕು.
ಮಂಚ 9: ಇವತ್ತು ಡಿಸ್ಚಾರ್ಜ್. ಮನೆಯವರು ಕಾಗದಕ್ಕಾಗಿ ನಿಮ್ಮ ಹಿಂದೆಯೇ ಇದ್ದಾರೆ.
ಮಂಚ 12: ಕಿಡ್ನಿ ಕಲ್ಲು. ನೋವಿಗೆ ವಾರ್ಡೇ ಎದ್ದು ಕೂರುವಂತೆ ಕೂಗುತ್ತಿದ್ದಾರೆ.

ಹೊಸಬರು 12ಕ್ಕೆ ಓಡುತ್ತಾರೆ, ಇಲ್ಲವೇ 90 ಅನ್ನುವ ಅಂಕಿ ನೋಡಿ 2ಕ್ಕೆ ಓಡಿ ಆಕ್ಸಿಜನ್ ಏರಿಸುತ್ತಾರೆ. ಎರಡೂ ಬೇಡ. ಸಿಓಪಿಡಿ ಇರುವ ಬಹಳಷ್ಟು ಜನರಿಗೆ ಡಾಕ್ಟರು ಇಡುವ ಗುರಿಯೇ 88ರಿಂದ 92. ಅವರು ಗುರಿಯಲ್ಲೇ ಇದ್ದಾರೆ. ಆಕ್ಸಿಜನ್ ಜಾಸ್ತಿ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದು ಮಂಪರು ಬರಬಹುದು. ಕೂಗುವವರಿಗೆ ಕೂಗುವಷ್ಟು ಉಸಿರು ಇದೆ. ಅವರ ನೋವು ನಿಜ, ಅದಕ್ಕೆ ಇಂಜೆಕ್ಷನ್ ಬೇಗ ಬೇಕು, ಆದರೆ ಅವರು ಮೂರನೆಯವರು.

ಪೈಪೋಟಿ ಇರುವುದು 7 ಮತ್ತು 4ರ ನಡುವೆ. ಮೊದಲು 7ನೇ ಮಂಚ. ತಲೆ ಎತ್ತಿ ಕೂರಿಸಿ, ಅಲ್ಲಿಂದಲೇ ಸ್ಟಾಫ್ ಸಿಸ್ಟರನ್ನು ಕರೆಯಿರಿ, ವಾರ್ಡಿನ ಸ್ಟ್ಯಾಂಡಿಂಗ್ ಆರ್ಡರ್ (ಡಾಕ್ಟರು ಮೊದಲೇ ಬರೆದಿಟ್ಟ ಆರ್ಡರ್) ಇದ್ದರೆ ಆಕ್ಸಿಜನ್ ಹಾಕಿ. ಸಿಸ್ಟರ್ ಬಂದ ಕ್ಷಣವೇ 4ಕ್ಕೆ ಹೋಗಿ ಗ್ಲುಕೋಮೀಟರ್ ಹಚ್ಚಿ. ಜೊತೆಗೆ ಗೆಳತಿ ಇದ್ದರೆ ಎರಡೂ ಒಟ್ಟಿಗೇ ನಡೆಯಲಿ. ಸಕ್ಕರೆ 70ಕ್ಕಿಂತ ಕಡಿಮೆ ಇದ್ದು, ಎಚ್ಚರ ಇದ್ದು, ನುಂಗಲು ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ ಕುಡಿಸಿ. ಅದು ಹೆಚ್ಚುಕಡಿಮೆ 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿದ ಮೇಲೆ ತಿಂಡಿ ಕೊಡಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಮಂಪರು ಇದ್ದರೆ ಬಾಯಿಗೆ ಏನೂ ಹಾಕಬೇಡಿ, ಡೆಕ್ಸ್‌ಟ್ರೋಸ್ ರಕ್ತನಾಳಕ್ಕೇ ಹೋಗಬೇಕು.

ಡಿಸ್ಚಾರ್ಜ್ ಕೊನೆಗೆ. ಅವರ ಮನೆಯವರಿಗೆ "ಒಬ್ಬರಿಗೆ ಉಸಿರಿನ ತೊಂದರೆ ಆಗಿದೆ, ಅದು ಮುಗಿಸಿ ಬರ್ತೀನಿ ಅಣ್ಣಾ" ಅಂತ ಕಾರಣ ಹೇಳಿ ಹೋಗಿ. ಕಾರಣ ಗೊತ್ತಾದರೆ ನಮ್ಮ ಜನ ಕಾಯುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಪದೇ ಪದೇ ಬರುವ ಮೂರು ಕೇಸು

ಭದ್ರಾ ನಾಲೆಯ ಭತ್ತ, ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ಈರುಳ್ಳಿ. ಹೊಲ ಇರುವ ಕಡೆ ಕೀಟನಾಶಕವೂ ಇದೆ, ಹಾವೂ ಇದೆ. ಹೊರಗಿನ ಪುಸ್ತಕಗಳಲ್ಲಿ ಇವಕ್ಕೆ ಜಾಗ ಕಡಿಮೆ. ನಿಮಗೆ ಮಾತ್ರ ಇವು ಚೆನ್ನಾಗಿ ಗೊತ್ತಿರಬೇಕು.

ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕ ಕುಡಿದು ಬಂದವರನ್ನು ಮುಟ್ಟುವ ಮೊದಲು ಗ್ಲೌಸ್ ಹಾಕಿಕೊಳ್ಳಿ. ಬಟ್ಟೆ ತೆಗೆಸಿ, ಮೈ, ಕೂದಲು, ಉಗುರು ಎಲ್ಲ ಸೋಪು ನೀರಲ್ಲಿ ತೊಳೆಯಬೇಕು. ಬಟ್ಟೆಯಲ್ಲಿ ಉಳಿದ ಕೀಟನಾಶಕ ಚರ್ಮದಿಂದ ಒಳಗೆ ಹೋಗುತ್ತಲೇ ಇರುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಜೊಲ್ಲು ಹೀರುವ ಸಕ್ಷನ್ ಯಂತ್ರ ಪಕ್ಕದಲ್ಲೇ ಇರಲಿ. ಜೊಲ್ಲು, ಬೆವರು, ಭೇದಿ, ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ ಎಲ್ಲ ಕಾಣುತ್ತದೆ. ಆದರೆ ಜೀವಕ್ಕೆ ಅಪಾಯ ತರುವುದು ಶ್ವಾಸಕೋಶದಲ್ಲಿ ತುಂಬುವ ನೀರು ಮತ್ತು ಉಸಿರಾಟದ ಸ್ನಾಯುಗಳ ನಿಶ್ಶಕ್ತಿ. ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುವಾಗ ನೋಡಬೇಕಾದ್ದು ಎದೆಯ ಗೊರಗೊರ ನಿಂತಿತಾ, ಕಂಕುಳು ಒಣಗಿತಾ, ನಾಡಿ ಮತ್ತು ಮೇಲಿನ ಬಿಪಿ 80 ದಾಟಿತಾ ಅನ್ನುವುದು. ಪಾಪೆ ಒಂದನ್ನೇ ನೋಡಿ ನಿರ್ಧಾರ ಮಾಡುವಂತಿಲ್ಲ. ಅಟ್ರೋಪಿನ್ ಜಾಸ್ತಿ ಆದರೆ ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ನಿಲ್ಲುವುದು. ಅದನ್ನೂ ಬರೆಯಿರಿ, ತಿಳಿಸಿ.

ಎರಡನೇ ದಿನ ರೋಗಿ ಎದ್ದು ಕೂತು ಮಾತಾಡುತ್ತಾರೆ. ಎಲ್ಲರೂ ನಿರಾಳ ಆಗುವ ಹೊತ್ತು ಅದು. ಆದರೆ ವಿಷ ಸೇವಿಸಿದ 24ರಿಂದ 96 ಗಂಟೆಯ ನಡುವೆ ಇನ್ನೊಂದು ತೊಂದರೆ ಬರಬಹುದು. ಕತ್ತಿನ ಸ್ನಾಯು ಮೊದಲು ಸೋಲುತ್ತದೆ, ಆಮೇಲೆ ಉಸಿರಾಟದ ಸ್ನಾಯು. ಅದಕ್ಕೇ ಪ್ರತಿ ಸಲ ನಾಡಿ ನೋಡುವಾಗ "ತಲೆದಿಂಬಿನಿಂದ ತಲೆ ಎತ್ತಿ ನೋಡೋಣ" ಅಂತ ಹೇಳಿ. ಬೆಳಗ್ಗೆ ಎತ್ತಿದವರು ಮಧ್ಯಾಹ್ನ ಎತ್ತಲಾರದಿದ್ದರೆ ಉಸಿರು ನಿಲ್ಲುವ ಮೊದಲೇ ನಿಮಗೆ ಸೂಚನೆ ಸಿಕ್ಕಿತು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಡಬೇಡಿ.

ಇವರಲ್ಲಿ ಅನೇಕರು ಬೇಕೆಂದೇ ಕುಡಿದವರು. "ಯಾಕೆ ಕುಡಿದೆ?" ಅಂತ ಎಲ್ಲರ ಮುಂದೆ ಗದರಬಾರದು. ಒಬ್ಬರನ್ನೇ ಬಿಡಬಾರದು, ಹತ್ತಿರ ಚಾಕು, ಹಗ್ಗ, ಔಷಧ ಇರಬಾರದು. ಮನೆಗೆ ಹೋಗುವಾಗ ಟೆಲಿ ಮಾನಸ್ ಸಹಾಯವಾಣಿ 14416 ಬರೆದು ಕೊಡಿ. ಅದು ಸರ್ಕಾರದ್ದು, ದುಡ್ಡಿಲ್ಲ.

ಹಾವು ಕಚ್ಚಿದವರಲ್ಲಿ ಮೊದಲು ಉಂಗುರ, ಬಳೆ, ಕಾಲುಂಗುರ ತೆಗೆಸಿ, ಊದಿಕೊಂಡರೆ ಆಮೇಲೆ ಬರುವುದಿಲ್ಲ. ಬಿಗಿಯಾಗಿ ಹಗ್ಗ ಕಟ್ಟಿಕೊಂಡು ಬಂದಿದ್ದರೆ ನೀವಾಗಿ ಒಮ್ಮೆಲೇ ಬಿಚ್ಚಬೇಡಿ, ಡಾಕ್ಟರು ಪಕ್ಕದಲ್ಲಿ ಇರಲಿ. "ನಿದ್ದೆ ಬರ್ತೈತಿ" ಅಂದರೆ ಕಣ್ಣರೆಪ್ಪೆ ನೋಡಿ. ನಾಗರ, ಕಟ್ಟುಹಾವು ಕಚ್ಚಿದಾಗ ರೆಪ್ಪೆ ಎತ್ತಲಾಗುವುದಿಲ್ಲ, ಅದು ನಿದ್ದೆಯಲ್ಲ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಷ್ಟರ ತನಕ ಎಣಿಸುತ್ತಾರೆ ಅಂತ ಪ್ರತಿ ಸಲ ಬರೆದಿಡಿ. 25ರ ತನಕ ಹೋದವರು 12ಕ್ಕೆ ನಿಂತರೆ ಓಡಿ ಹೋಗಿ ತಿಳಿಸಿ. ಮಂಡಲದ ಹಾವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಂದು ಸಲ ಬಗ್ಗಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬು ಆಗುವುದಿಲ್ಲ. ವಿಷನಿರೋಧಕ ಔಷಧ ಶುರುವಾದಾಗ ಅಲರ್ಜಿ ಆದರೆ ಕೊಡುವ ಅಡ್ರಿನಲಿನ್ ಅನ್ನು ಸಿರಿಂಜಿಗೆ ಎಳೆದು ಕೈಗೆ ಸಿಗುವಂತೆ ಇಟ್ಟುಕೊಂಡು ಪಕ್ಕದಲ್ಲೇ ಇರಿ. ತುರಿಕೆ, ದದ್ದು, ಕೆಮ್ಮು, ವಾಂತಿ ಶುರುವಾದರೆ ಡ್ರಿಪ್ ನಿಲ್ಲಿಸಿ ಕೂಗಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕೇಸು, ಆ ದಾಖಲೆಯೂ ಸರಿಯಾಗಿ ಆಗಬೇಕು.

ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಹುಷಾರಾಗಿರಬೇಕಾದ ಹೊತ್ತು, ಸಾಮಾನ್ಯವಾಗಿ 3ರಿಂದ 7ನೇ ದಿನ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ. ನೀವು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ತಣ್ಣನೆ ಕೈಕಾಲು, ಏರುತ್ತಿರುವ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಕಡಿಮೆಯಾದ ಯೂರಿನ್ ನೋಡಿ. ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆದರೆ, ಉದಾಹರಣೆಗೆ 100/82, ಅದು ಶಾಕ್. ಮೇಲಿನ ಅಂಕಿ 100 ಇದೆಯಲ್ಲ ಅಂತ ಬಿಡಬೇಡಿ.

ಸರ್ಜಿಕಲ್ ವಾರ್ಡ್

ಥಿಯೇಟರ್‌ನಿಂದ ಬಂದವರನ್ನು ಸಾಮಾನ್ಯವಾಗಿ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುತ್ತಾರೆ. ನಿಮ್ಮ ಆಸ್ಪತ್ರೆಯ ಪದ್ಧತಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಒಳಗೆ ರಕ್ತಸ್ರಾವ ಆಗುತ್ತಿದ್ದರೆ ಮೊದಲು ಚಡಪಡಿಕೆ, ವೇಗದ ನಾಡಿ, ಬಾಯಾರಿಕೆ, ತಣ್ಣನೆ ಚರ್ಮ. ಡ್ರೆಸಿಂಗ್ ಒಣಗಿದೆ ಅಂತ ನಂಬಬೇಡಿ. ಬೆನ್ನ ಕೆಳಗೆ ಕೈ ಹಾಕಿ ನೋಡಿ, ರಕ್ತ ಕೆಳಕ್ಕೆ ಹರಿದು ಹಾಸಿಗೆಯಲ್ಲಿ ನಿಂತಿರುತ್ತದೆ. ಡ್ರೆಸಿಂಗ್ ಮೇಲೆ ಕಲೆ ಇದ್ದರೆ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಯೂರಿನ್ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಆದರೆ ತಿಳಿಸಿ. ಅದಕ್ಕೂ ಮೊದಲು ಕ್ಯಾತಿಟರ್ ಪೈಪು ಮಡಚಿಕೊಂಡಿದೆಯಾ ನೋಡಿ.

ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆ, ಚಿತ್ರದುರ್ಗ ಎರಡೂ ಊರನ್ನು ಹಾದು ಹೋಗುತ್ತದೆ. ಅಪಘಾತದಲ್ಲಿ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ಮೂಳೆ ವಾರ್ಡಿನಲ್ಲಿ ಯಾವಾಗಲೂ ಇರುತ್ತಾರೆ. ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಆದರೂ ನೋವು ಏರುತ್ತಲೇ ಇದೆ ಅಂದರೆ "ಇವರಿಗೆ ತಾಳ್ಮೆ ಇಲ್ಲ" ಅಂದುಕೊಳ್ಳಬೇಡಿ. ಕಾಲ್ಬೆರಳನ್ನು ನೀವೇ ಮೆಲ್ಲಗೆ ಮೇಲಕ್ಕೆ ಮಡಚಿ. ಅದಕ್ಕೆ ಚೀರಿದರೆ, ಬೆರಳು ಜೋಮು ಹಿಡಿದಿದ್ದರೆ, ಮೀನಖಂಡ ಕಲ್ಲಿನಂತೆ ಬಿಗಿದಿದ್ದರೆ ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಸ್ನಾಯುವಿನ ಒಳಗೆ ಒತ್ತಡ ಏರಿ ರಕ್ತ ಹರಿಯದ ಸ್ಥಿತಿ, ಇರಬಹುದು. ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡಬೇಡಿ, ನಾಡಿ ಹೋಗುವುದು ಕೊನೆಗೆ. ಕಾಲನ್ನು ಹೃದಯದ ಮಟ್ಟದಲ್ಲೇ ಇಡಿ, ದಿಂಬು ಹಾಕಿ ಎತ್ತಬೇಡಿ, ಐಸ್ ಇಡಬೇಡಿ. ಡಾಕ್ಟರು ತಕ್ಷಣ ಬರಬೇಕು. ಗಂಟೆಗಳ ಲೆಕ್ಕದಲ್ಲಿ ಸ್ನಾಯು ಸಾಯುತ್ತದೆ.

ಹೊಟ್ಟೆಯ ಹೊಲಿಗೆ ಬಿಟ್ಟು ಕರುಳು ಹೊರಬಂದರೆ ಒಳಗೆ ತಳ್ಳಬೇಡಿ. ಸ್ಟೆರೈಲ್ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಮುಚ್ಚಿ, ಮೊಣಕಾಲು ಮಡಚಿಸಿ ಮಲಗಿಸಿ, ಬಾಯಿಗೆ ಏನೂ ಬೇಡ. ಥೈರಾಯ್ಡ್ ಆಪರೇಷನ್ ಆದವರ ಕತ್ತು ಬಿಗಿಯುತ್ತಿದೆ ಅಂದರೆ ಅದು ಉಸಿರಿನ ದಾರಿಯ ಎಮರ್ಜೆನ್ಸಿ. ಐಸಿಡಿ (ಎದೆಗೂಡಿನಿಂದ ಗಾಳಿ, ನೀರು ಹೊರತೆಗೆಯುವ ನಳಿಗೆ) ಬಾಟಲಿ ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು, ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ಯುವಾಗಲೂ.

ರಕ್ತ ಹಾಕುವಾಗ ಇಬ್ಬರು ಸೇರಿ ಹೆಸರು, ಬ್ಯಾಗ್ ನಂಬರ್, ಗುಂಪು ನೋಡಬೇಕು. ಮೊದಲ 15 ನಿಮಿಷ ರೋಗಿಯ ಪಕ್ಕದಿಂದ ಕದಲಬೇಡಿ. ಚಳಿ, ಸೊಂಟನೋವು, ಉಸಿರುಗಟ್ಟುವುದು ಶುರುವಾದರೆ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಆಮೇಲೆ ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್, ಆಮೇಲೆ ಡಾಕ್ಟರು. ಒಂದು ಬ್ಯಾಗ್ 4 ಗಂಟೆಯೊಳಗೆ ಮುಗಿಯಬೇಕು.

ಡಾಕ್ಟರಿಗೆ ಹೇಳುವ ರೀತಿ

"ಸರ್, 7ನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ" ಅಂದರೆ ಯಾರೂ ಎದ್ದು ಬರುವುದಿಲ್ಲ. ಈಗ ಏನಾಗಿದೆ, ಹಿನ್ನೆಲೆ ಏನು, ನೀವು ಏನು ನೋಡಿದಿರಿ, ಏನು ಬೇಕು, ಈ ನಾಲ್ಕು ಇದೇ ಸಾಲಿನಲ್ಲಿ ಬರಬೇಕು. ಹೀಗೆ:

"ಸರ್, ಮೇಲ್ ಮೆಡಿಕಲ್ ವಾರ್ಡಿಂದ. 7ನೇ ಬೆಡ್‌ನವರಿಗೆ ಉಸಿರು ಜಾಸ್ತಿ ಆಗಿದೆ, ಹೊಸದಾಗಿ ಗೊಂದಲ ಶುರುವಾಗಿದೆ. ನಿನ್ನೆ ನ್ಯುಮೋನಿಯಾ ಅಂತ ಅಡ್ಮಿಟ್ ಆದವರು. ರಾತ್ರಿ ಉಸಿರು 20 ಇತ್ತು, ಈಗ 26. ಬಿಪಿ 118 ಇದ್ದದ್ದು 98, ನಾಡಿ 118, ಎಸ್‌ಪಿಓ2 92. ಕೂರಿಸಿ ಆಕ್ಸಿಜನ್ ಹಾಕಿದ್ದೀವಿ. ನೀವು ಈಗಲೇ ಬಂದು ನೋಡಬೇಕು ಸರ್."

ಫೋನ್ ಸ್ಟಾಫ್ ಸಿಸ್ಟರ್ ಮಾಡುತ್ತಾರೆ, ಫೋನಿನ ಆರ್ಡರ್ ಕೂಡ ಅವರೇ ತೆಗೆದುಕೊಳ್ಳಬೇಕು. ಆದರೆ ಅವರಿಗೆ ನೀವು ಹೇಳುವಾಗಲೂ ಇದೇ ಸಾಲು ಇರಲಿ. ಡಾಕ್ಟರು ಬರುವುದು ತಡವಾದರೆ, ರೋಗಿ ಇನ್ನೂ ಇಳಿಯುತ್ತಿದ್ದರೆ ಮತ್ತೆ ಹೇಳಿ. ಅವರು ಬೇಜಾರು ಮಾಡಿಕೊಳ್ಳುತ್ತಾರೇನೋ ಅನ್ನುವ ಅಂಜಿಕೆ ಬೇಡ.

ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳಿ

ನಮ್ಮ ಆಸ್ಪತ್ರೆಗಳಲ್ಲಿ ಮಂಚದ ಪಕ್ಕದಲ್ಲಿ ಯಾವಾಗಲೂ ಇರುವವರು ಮನೆಯವರು. "ನೋಡ್ಕೊಳ್ಳಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. "ಅಮ್ಮಾ, ಇವರು ಬೆವತರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಕರೀರಿ" ಅಂತ ಬಿಡಿಸಿ ಹೇಳಿ. ಏನು ಕೊಡಬಾರದು ಅನ್ನುವುದನ್ನೂ ಹೇಳಿ. ನೋಡಲು ಬಂದವರೆಲ್ಲ ಎಳನೀರು ತರುತ್ತಾರೆ. ಕಿಡ್ನಿ ಕೆಟ್ಟವರಿಗೆ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಲಕ್ವ ಹೊಡೆದವರಿಗೆ ನುಂಗುವ ಪರೀಕ್ಷೆ ಆಗುವ ತನಕ ಒಂದು ಗುಟುಕು ನೀರೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಲಕ್ವದ ಕೇಸಿನಲ್ಲಿ ಮನೆಯವರಿಂದ ಕೇಳಿ ಬರೆಯಬೇಕಾದ್ದು ಇನ್ನೊಂದಿದೆ: "ಕೊನೇ ಸಲ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ?" ಹೆಪ್ಪು ಕರಗಿಸುವ ಔಷಧಕ್ಕೆ ಇರುವುದು 4.5 ಗಂಟೆ, ಅದು ಆ ಹೊತ್ತಿನಿಂದಲೇ ಲೆಕ್ಕ.

ಆಯಾ, ಅಟೆಂಡರ್ ಹತ್ತಿರ ಸ್ಯಾಂಪಲ್ ಕಳಿಸಬಹುದು, ಟ್ರಾಲಿ ತರಿಸಬಹುದು, ಸ್ಥಿರವಾಗಿ ಇರುವವರ ಬಟ್ಟೆ ಬದಲಿಸಲು ಹೇಳಬಹುದು. ನೋಡಿ ನಿರ್ಧಾರ ಮಾಡುವ ಕೆಲಸವನ್ನು ಅವರಿಗೆ ಬಿಡುವಂತಿಲ್ಲ.

ಪರೀಕ್ಷೆಯಲ್ಲಿ ಮತ್ತು ಡ್ಯೂಟಿ ಮುಗಿಸುವಾಗ

ಕೇರ್ ಪ್ಲ್ಯಾನ್ (ರೋಗಿಯ ತೊಂದರೆ ಮತ್ತು ಆರೈಕೆಯ ಪಟ್ಟಿ) ಬರೆಯುವಾಗ ರೋಗಿಯ "ತಿಳಿವಳಿಕೆಯ ಕೊರತೆ" ಮೊದಲ ಸಾಲಿಗೆ ಬರಬಾರದು. ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ನೋವು, ಸೋಂಕು, ಆಮೇಲೆ ಆತಂಕ, ಆಮೇಲೆ ತಿಳಿವಳಿಕೆ. ನಾರ್ಸೆಟ್‌ನಂಥ (ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ) ಆಯ್ಕೆ ಪರೀಕ್ಷೆಗಳಲ್ಲಿ "ಮೊದಲು ಏನು ಮಾಡುವಿರಿ" ಅಂತ ಕೇಳಿದಾಗ ನಾಲ್ಕೂ ಉತ್ತರ ಸರಿ ಅನ್ನಿಸುತ್ತದೆ. ಆ ನಾಲ್ಕರಲ್ಲಿ ಒಂದನ್ನು ಮಾತ್ರ ಮಾಡಿ ಹೊರಟುಹೋಗಬೇಕು ಅಂದರೆ ಯಾವುದರಿಂದ ಜೀವ ಉಳಿಯುತ್ತದೆ ಅಂತ ಕೇಳಿಕೊಳ್ಳಿ. "ಡಾಕ್ಟರಿಗೆ ತಿಳಿಸುವುದು" ಅನ್ನುವ ಆಯ್ಕೆಗೆ ಬೇಗ ಬೀಳಬೇಡಿ. ಅದಕ್ಕೂ ಮೊದಲು ನೀವೇ ಮಾಡಬಹುದಾದ ಕೆಲಸ, ಅಂದರೆ ಕೂರಿಸುವುದು, ರಕ್ತ ನಿಲ್ಲಿಸುವುದು, ಗಾಯ ಒತ್ತಿ ಹಿಡಿಯುವುದು ಇದ್ದರೆ ಅದೇ ಉತ್ತರ.

ಡ್ಯೂಟಿ ಮುಗಿಯುವಾಗ ನೋಟ್‌ಬುಕ್ ತೆಗೆದು, ಅಕ್ಕಪಕ್ಕದ ಎರಡು ಅಂಕಿಗಳಲ್ಲಿ ಎಲ್ಲಿ ಅಂತರ ಜಾಸ್ತಿ ಇದೆಯೋ ಆ ಮಂಚದಿಂದ ಹ್ಯಾಂಡೋವರ್ ಶುರು ಮಾಡಿ. 1ನೇ ಮಂಚದಿಂದ ಸಾಲಾಗಿ ಹೇಳುತ್ತಾ ಹೋದರೆ ಕೇಳುವವರ ಗಮನ ಅರ್ಧಕ್ಕೇ ಮುಗಿದಿರುತ್ತದೆ. ಇಂಥವರಿಗೆ ಇನ್ನೆಷ್ಟು ಹೊತ್ತಿಗೆ ಏನು ನೋಡಬೇಕು, ಯಾವ ರಿಪೋರ್ಟ್ ಬರಬೇಕು, ಯಾವ ಅಂಕಿ ಬಂದರೆ ಡಾಕ್ಟರನ್ನು ಕರೆಯಬೇಕು ಅಂತ ಹೇಳಿ. ಆಮೇಲೆ ಆ ಒಬ್ಬ ರೋಗಿಯ ಹತ್ತಿರಕ್ಕೆ ಮುಂದಿನ ಡ್ಯೂಟಿಯವರನ್ನು ಕರೆದುಕೊಂಡು ಹೋಗಿ, ಇಬ್ಬರೂ ಸೇರಿ ಉಸಿರು ಎಣಿಸಿ, ಚಾರ್ಟಿನಲ್ಲಿ ಬರೆದು ಹೊರಡಿ.